ದೇವರ ಜಗಲಿಯ ಮೇಲಿನ ಫೋನು

ಬೇವೂರಿನ ನಮ್ಮ ಹಳೆಯ ಮನೆಯ ಬೀಗ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಗೊಬ್ಬರದ ಚೀಲಗಳ ವಾಸನೆ. ಅದರ ಹಿಂದೆ, ಹುಡುಕಿದರೆ ಮಾತ್ರ ಸಿಗುವಷ್ಟು, ವಿಭೂತಿಯದು. ನಮ್ಮ ಮನೆಯವರು ಬೀಜ-ಗೊಬ್ಬರದ ಅಂಗಡಿಯನ್ನು ಕೊಪ್ಪಳಕ್ಕೆ ಸಾಗಿಸಿದ ಮೇಲೆ ಈ ಮನೆ ಗೋದಾಮಾಗಿದೆ. ಮೊನ್ನೆ ಶ್ರಾವಣ ಸೋಮವಾರ, ಊರ ಬಸವಣ್ಣನಿಗೆ ಕಾಯಿ ಒಡೆಸಲು ಇಬ್ಬರೂ ಬಂದಿದ್ದೆವು. ಗುಡಿ ಮುಗಿಸಿದ ಮೇಲೆ ಅವರು, "ನೀ ಇಲ್ಲೇ ಕುಂತಿರು, ಪಂಚಾಯ್ತಿಗೆ ಹೋಗಿ ಬರ್ತೀನಿ" ಎಂದು ಹೊರಟರು. ಎಷ್ಟು ಹೊತ್ತಾಗುತ್ತದೆ ಎಂದು ಅವರು ಹೇಳುವುದೂ ಇಲ್ಲ, ನಾನು ಕೇಳುವುದೂ ಇಲ್ಲ.

ಚೀಲಗಳ ನಡುವೆ ದಾರಿ ಮಾಡಿಕೊಂಡು ದೇವರ ಕೋಣೆಗೆ ಹೋದೆ. ದೇವರೆಲ್ಲ ನಮ್ಮ ಜೊತೆಗೇ ಕೊಪ್ಪಳಕ್ಕೆ ಬಂದಿದ್ದಾರೆ, ಜಗಲಿ ಖಾಲಿ. ಮಾಳಿಗೆಯ ಬೆಳಕಿಂಡಿ ಮಾತ್ರ ಹಾಗೇ ಇದೆ. ಅದರಿಂದ ತಾಟಿನಗಲ ಬಿಸಿಲು ಜಗಲಿಯ ಎಡಮೂಲೆಗೆ ಬಿದ್ದಿತ್ತು. 2004ರ ಮಳೆಗಾಲದಲ್ಲಿ ಸರಿಯಾಗಿ ಆ ಮೂಲೆಯಲ್ಲಿ ನಮ್ಮ ಮೊದಲ ಮೊಬೈಲು ಕೂತಿತ್ತು. ಆ ಮಳೆಗಾಲ ನಾನು ಏನಾಗಿದ್ದೆ ಎಂಬುದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ಹೊಟ್ಟೆಕಿಚ್ಚು ಪಟ್ಟವರು ಹೇಳಿಕೊಳ್ಳುವುದು ಕಡಿಮೆ.

ನಮ್ಮ ಓಣಿಗೆ ಮೊದಲು ಮೊಬೈಲು ತಂದವರು ನಮ್ಮ ಮನೆಯವರು. ಅಂಗಡಿಯ ಮಾಲು ಕೊಪ್ಪಳದಿಂದ ಬರಬೇಕು, ಅದಕ್ಕೆ. ತಂದ ದಿನ, ತಪ್ಪಿಸಿಕೊಂಡ ಕರುವನ್ನು ಹುಡುಕುವವರ ಹಾಗೆ ಅದನ್ನು ಕೈಯಲ್ಲಿ ಎತ್ತಿ ಹಿಡಿದು ಮನೆಯೆಲ್ಲ ತಿರುಗಿದರು. ಪಡಸಾಲೆಯಲ್ಲಿ ರೇಂಜ್ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಮಾಳಿಗೆ ಹತ್ತಿದರೆ ಸಿಗುತ್ತಿತ್ತು, ಆದರೆ ಫೋನು ಬಂದಾಗಲೆಲ್ಲ ಏಣಿ ಹತ್ತುವವರು ಯಾರು? ಕೊನೆಗೆ ದೇವರ ಕೋಣೆಯ ಬೆಳಕಿಂಡಿಯ ಕೆಳಗೆ ಮೂರು ಕಡ್ಡಿ ಎದ್ದು ನಿಂತವು. ನಾಲ್ಕು ಬೆರಳು ಆಚೆ ಸರಿಸಿದರೆ ಮಾಯ.

"ಇಲ್ಲೇ ಇರಲಿ" ಎಂದು ಅದರ ಚರ್ಮದ ಚೀಲದ ಸಮೇತ ಬಸವಣ್ಣನ ಪಕ್ಕಕ್ಕೆ ಇಟ್ಟುಬಿಟ್ಟರು.

"ಏನ್ರಿ, ದೇವರ ಹತ್ರ ಚರ್ಮದ ಚೀಲ ಇಡ್ತಾರೇನ್ರಿ?"

"ಹಂಗಾರ ಚೀಲ ತಗದಿಡು."

ಚೀಲ ತೆಗೆದೆ. ಬೆತ್ತಲೆ ಫೋನಿಗೆ ವಿಭೂತಿ ಹಚ್ಚಿದೆ. ಮರುದಿನದಿಂದ ನನ್ನ ದೇವರ ಕೋಣೆ ಬಸ್‌ಸ್ಟ್ಯಾಂಡಾಯಿತು. ದುಡಿಯಲು ಹೊರಗೆ ಹೋದವರಿದ್ದ ಮನೆಗಳವರೆಲ್ಲ ತಮ್ಮವರಿಗೆ ನಮ್ಮ ನಂಬರು ಕೊಟ್ಟರು. ಕಾಲು ತೊಳೆದು ಬರಬೇಕು ಎಂಬ ಒಂದೇ ಕಟ್ಟಳೆ ನನ್ನದು. ತೊಳೆದೇ ಬರುತ್ತಿದ್ದರು. ಬಂದು, ದೇವರ ಮುಂದೆ ನಿಂತು, ಊರಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದರು. ದೂರದಲ್ಲಿರುವವರಿಗೆ ಗಟ್ಟಿಯಾಗಿಯೇ ಹೇಳಬೇಕು ಎಂದು ಎಲ್ಲರ ನಂಬಿಕೆ. ಯಾರ ಮಗಳಿಗೆ ತಿಂಗಳು ನಿಂತಿದೆ, ಯಾರ ಅಳಿಯ ಕುಡಿಯುತ್ತಾನೆ, ಎಲ್ಲವೂ ನನಗೂ ನನ್ನ ದೇವರಿಗೂ ಒಟ್ಟಿಗೇ ತಿಳಿಯುತ್ತಿತ್ತು.

ಒದರದೆ ಮಾತಾಡುತ್ತಿದ್ದವಳು ಲಲಿತಾ ಒಬ್ಬಳೇ.

ಪಕ್ಕದ ಮನೆಯ ಗಂಗವ್ವನ ಸೊಸೆ ಆಕೆ. ತಳಕಲ್ಲಿನ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಂಡ ಮಂಜುನಾಥ ಮಂಗಳೂರಿಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ. ಗುರುವಾರ ಮತ್ತು ಭಾನುವಾರ ದೀಪ ಹಚ್ಚುವ ಹೊತ್ತಿಗೆ ಕಾಯಿನ್ ಬೂತಿನಿಂದ ಅವನ ಫೋನು. "ಅಕ್ಕಾರ, ನಾ ಮಂಜುನಾಥ. ಆಕೀನ ಕರೀರಿ, ಐದು ಮಿನಿಟಿಗೆ ಮತ್ತ ಹಚ್ತೀನಿ." ನಾನು ಹಿತ್ತಲ ಗೋಡೆಯ ಹತ್ತಿರ ಹೋಗಿ ಕೂಗುತ್ತಿದ್ದೆ. ಕೂಗು ಮುಗಿಯುವ ಮೊದಲೇ ಆಕೆ ಕಾಲು ತೊಳೆದು ನಿಂತಿರುತ್ತಿದ್ದಳು. ಆ ದಿನಗಳಲ್ಲಿ ಹೂವು ಮುಡಿದಿರುತ್ತಿದ್ದಳು. ಫೋನಿನಲ್ಲಿ ಹೂವು ಕಾಣುತ್ತದೆಯೇ ಎಂದು ನಾನು ಒಳಗೇ ನಗಾಡುತ್ತಿದ್ದೆ. ಆ ನಗು ಒಳ್ಳೆಯ ನಗುವಲ್ಲ.

ಅದು ನನ್ನ ಪೂಜೆಯ ಹೊತ್ತು. ನಮ್ಮವ್ವ ನನಗೊಂದು ರೂಢಿ ಹಾಕಿಕೊಟ್ಟಿದ್ದಳು: ಸಂಜೆ ಐದು ಹೂಬತ್ತಿ ಮಾಡಬೇಕು, ಒಂದೊಂದು ಬತ್ತಿಗೆ ಆ ದಿನ ದೇವರು ಕೊಟ್ಟ ಒಂದೊಂದು ಒಳ್ಳೆಯದನ್ನು ಎಣಿಸಬೇಕು. ರೊಟ್ಟಿ ಹರಿಯಲಿಲ್ಲ, ಒಂದು. ಮಗಳು ಶಿಲ್ಪಾಳ ಕೆಮ್ಮು ಇಳಿಯಿತು, ಎರಡು. ಮಳೆ ಬಂದರೂ ಒಲೆಯ ಕುಳ್ಳು ತೋಯಲಿಲ್ಲ, ಮೂರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಐದಕ್ಕೆ ಎಂದೂ ಕೊರತೆ ಬಿದ್ದಿರಲಿಲ್ಲ. ನಮ್ಮ ಮನೆಯವರು ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಅಮಾವಾಸ್ಯೆಗೆ ಕೇಳದೆಯೇ ಬಾಳೆಹಣ್ಣು ತರುತ್ತಾರೆ. ಮಾತು ಮಾತ್ರ ಇಲ್ಲ. ಊಟಕ್ಕೆ ಕೂತರೆ ತಾಟು ನೋಡುತ್ತಾರೆ, ಎದ್ದರೆ ಚಪ್ಪಲಿ ನೋಡುತ್ತಾರೆ. ಗಂಡಸರೇ ಹಾಗೆ ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಲಲಿತಾಳ ಫೋನಿನಿಂದ.

ಆ ಫೋನಿನ ದನಿ ದೊಡ್ಡದು, ಕೋಣೆ ಸಣ್ಣದು. ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ನನಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ಎದ್ದು ಹೋಗಬಹುದಿತ್ತು. ಮೊದಲ ವಾರ ಹೋದೆ ಕೂಡ. ಆಮೇಲೆ, ಪೂಜೆ ಬಿಟ್ಟು ಏಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

"ಯಾವ ಸೀರಿ ಉಟ್ಟಿ?" ಎಂದು ಕೇಳುತ್ತಿದ್ದ ಅವನು.

"ಯಾವುದರ ಉಟ್ಟೇನಿ, ನಿಮಗ ಕಾಣ್ತೈತೇನು?"

"ಹೇಳಿದ್ರ ಕಾಣ್ತೈತಿ."

"ಹಸರದು. ಪಂಚಮಿಗೆ ಅವ್ವ ಉಡಿಸಿದ್ದು."

"ಹಾಂ, ಈಗ ಕಂಡಿ ನೋಡು."

ನಾನು ಅಂದು ಯಾವ ಸೀರೆ ಉಟ್ಟಿದ್ದೆ ಎಂದು ನಮ್ಮ ಮನೆಯವರನ್ನು ಕೇಳಿದ್ದರೆ, ಎದುರಿಗೆ ನಿಂತೇ ಇದ್ದರೂ ಹೇಳಲಾಗುತ್ತಿರಲಿಲ್ಲ. ಆ ಸಂಜೆ ಎಣಿಕೆ ಎರಡಕ್ಕೇ ನಿಂತಿತು. ಉಳಿದ ಮೂರು ಬತ್ತಿಯನ್ನು ಏನೂ ಎಣಿಸದೆ ಹಚ್ಚಿದೆ.

ಭಾದ್ರಪದದಲ್ಲಿ ಅವನು ಹೊಸದೊಂದು ಹಟ ಹಿಡಿದ. "ನನ್ನ ಹೆಸರು ಹೇಳು."

"ಛೀ! ದೇವರ ಮುಂದ ನಿಂತೀನಿ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎನ್ನುತ್ತಾರೆ. ಮದುವೆ, ಬಸುರಿಯ ಕುಬಸ, ಹಬ್ಬದಲ್ಲಿ ಹೆಂಗಸರು ಸೇರಿ ಕಾಡಿದಾಗ ಒಡಪಿನಲ್ಲಿ ಸೇರಿಸಿ ಹೇಳುವುದುಂಟು. ಪ್ರಾಸದ ನೆರಳಿನಲ್ಲಿ ಹೆಸರು ಬಂದು ಹೋಗುತ್ತದೆ. ಬರಿಯ ಹೆಸರನ್ನು ನಾನಂತೂ ಗಂಡ ಮನೆಯಲ್ಲಿಲ್ಲದಾಗ ಮನಸ್ಸಿನಲ್ಲಿ ಕೂಡ ಅಂದವಳಲ್ಲ.

ಎರಡನೆಯ ಸಲವೂ ಅವನು ಕೇಳಿದ. ಆಕೆ ನಕ್ಕು, "ಅಕ್ಕಾರು ಇಲ್ಲೇ ಅದಾರ" ಎಂದು ಪಿಸುಗುಟ್ಟಿದಳು. ಮೂರನೆಯ ಸಂಜೆ, ಬೂತಿನಲ್ಲಿ ನಾಣ್ಯ ಮುಗಿಯಿತೆಂದು ಫೋನು ಟುಂಯ್ ಟುಂಯ್ ಎನ್ನುತ್ತಿದ್ದಾಗ, "ಇನ್ನ ಒಂದೈತಿ, ಅದನ್ನೂ ಹಾಕಿದೆ. ಈಗ ಅನ್ನು" ಎಂದ. ಲಲಿತಾ ಬೆಳಕಿಂಡಿಯ ಕಡೆ ಮುಖ ಎತ್ತಿದಳು. ಕಣ್ಣು ಮುಚ್ಚಿದಳು.

"ಮಂಜುನಾಥ" ಎಂದಳು.

ಅಷ್ಟೇ. ಒಡಪಿಲ್ಲ, ಪ್ರಾಸವಿಲ್ಲ. ನಾಣ್ಯ ಮುಗಿದು ಫೋನು ಸತ್ತಿತು. ಆಕೆ ಮಾತ್ರ ಇನ್ನೂ ಕಿವಿಗೆ ಹಿಡಿದು ನಿಂತಿದ್ದಳು. ನನ್ನ ಬೆರಳಲ್ಲಿದ್ದ ಹತ್ತಿ ಹಾಗೇ ಉಳಿಯಿತು. ಬಸವಣ್ಣ ಏನಾದರೂ ಮಾಡುತ್ತಾನೆ ಎಂದುಕೊಂಡೆ. ಅವನು ಸುಮ್ಮನೆ ಕೂತಿದ್ದ. ಸಿಟ್ಟು ಬಂದದ್ದು ನನಗೆ. ಆಕೆ ನಿಯಮ ಮುರಿದಳೆಂದಲ್ಲ. ನನ್ನನ್ನು ಯಾರೂ ಹಾಗೆ ಮೂರು ಸಂಜೆ ಕೇಳಿರಲಿಲ್ಲವೆಂದು.

ದಸರೆಯ ಹೊತ್ತಿಗೆ ಮತ್ತೊಂದು ಸುದ್ದಿ ನನ್ನ ಕಿವಿಗೆ ಬಿತ್ತು. ಮಂಜುನಾಥ ಮಂಗಳೂರಿನಲ್ಲಿ ಇಬ್ಬರೂ ಇರಲು ಬಾಡಿಗೆಯ ಖೋಲಿ ನೋಡಿದ್ದ. "ದೀಪಾವಳಿಗೆ ಬಂದು ಅವ್ವಗ ನಾನ ಹೇಳ್ತೀನಿ. ಎದುರು ಕುಂತು ಹೇಳಬೇಕು. ಅಲ್ಲೀತನ ಯಾರಿಗೂ ಅನ್ನಬ್ಯಾಡ" ಎಂದ. "ಇಲ್ರಿ" ಎಂದಳು ಆಕೆ. ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಅಕ್ಕಾರ, ನಿಮಗ ಕೇಳಿರ್ತೈತಿ. ನಿಮ್ಮ ಹೊಟ್ಟ್ಯಾಗ ಹಾಕ್ಕೋರಿ."

"ನನಗ್ಯಾಕ ಬೇಕವ್ವಾ ನಿಮ್ಮ ಗಂಡ-ಹೆಂಡ್ತಿ ಮಾತು" ಎಂದೆ. ಆ ಮಾತಿನ ಖಾರ ಆಕೆಗೆ ತಿಳಿಯಲಿಲ್ಲ. ತಿಳಿದಿದ್ದರೆ ಚೆನ್ನಾಗಿತ್ತು.

ಶೀಗಿ ಹುಣ್ಣಿಮೆಗೆ ಓಣಿಯ ಹೆಂಗಸರೆಲ್ಲ ಗಂಗವ್ವನ ಎರೆಹೊಲಕ್ಕೆ ಹೋದೆವು. ಬಿಳಿಜೋಳ ಗೇಣುದ್ದ ಎದ್ದಿತ್ತು. ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು: ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ಉಂಡ ಮೇಲೆ ಒಡಪಿನ ಸರದಿ ಎದ್ದಿತು. ನಾನು ನನ್ನ ಮದುವೆಯ ಕಾಲದ ಹಳೆಯದನ್ನೇ ಹೇಳಿದೆ. "ಆಕಿದು ಪ್ರತಿ ವರ್ಷ ಅದ ರೆಕಾರ್ಡ್" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಮುಂದಿನ ಸರದಿ ಲಲಿತಾಳದು. ಮುಖ ಕೆಂಪಗೆ ಮಾಡಿಕೊಂಡು, ತಾನೇ ಕಟ್ಟಿದ್ದನ್ನು ಹೇಳಿದಳು:

"ಕರಿ ಎರಿ ಹೊಲದಾಗ ಬಿಳಿಜೋಳದ ತೆನಿ,
ಮಂಜುನಾಥರು ಬರೂತನಕ ಕತ್ತಲ ನಮ್ಮನಿ."

ಹೆಂಗಸರು ಹೋ ಎಂದು ಕೈ ತಟ್ಟಿದರು. ಗಂಗವ್ವ ಸೊಸೆಯ ಗಲ್ಲ ಹಿಂಡಿ, "ನನ್ನ ಸೊಸಿ ಪಂಡಿತಳು ಬೇ" ಎಂದಳು. ನನ್ನದು ಹಳೆಯ ರೆಕಾರ್ಡು, ಆಕೆಯದು ಪಾಂಡಿತ್ಯ. ಬಾಯಿಂದ ಮಾತು ಹಾರಿತು.

"ಆಕಿಗೆ ಒಡಪು ಯಾಕ ಬೇಕು? ನಮ್ಮ ಜಗಲಿ ಮುಂದ ನಿಂತು ಬರೇ ಹೆಸರ ಹಿಡದು ಕರೀತಾಳ."

"ಖರೇನ ಬೇ?" ಎಂದು ಹೆಂಗಸರು ನನ್ನ ಕಡೆ ತಿರುಗಿದರು. ಹದಿನಾಲ್ಕು ವರ್ಷದಲ್ಲಿ ನನ್ನ ಮಾತಿಗೆ ಅಷ್ಟು ಜನ ಕಿವಿ ಕೊಟ್ಟಿರಲಿಲ್ಲ. ಸೀರೆಯ ಮಾತನ್ನೂ ಹೇಳಿದೆ. ಅವನ ದನಿಯನ್ನು ಅಣಕಿಸಿಯೂ ತೋರಿಸಿದೆ. ನಕ್ಕು ನಕ್ಕು ಒಬ್ಬರ ಮೈಮೇಲೆ ಒಬ್ಬರು ಬಿದ್ದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಕತ್ತಲ ಎಲ್ಲೀದು? ದೀಪಾವಳಿ ಮುಗದ ಮ್ಯಾಲೆ ಮಂಗಳೂರಾಗ ಖೋಲಿ ಮಾಡಿ ಬೆಳಕು ಮಾಡ್ಕೋತಾರ" ಎಂದೆ.

ನಗು ನಿಂತಿತು. ಗಂಗವ್ವ ಎಲೆಅಡಿಕೆ ಮಡಚುತ್ತಿದ್ದವಳು ಹಾಗೇ ಕೈಯಲ್ಲಿ ಹಿಡಿದು ಕೂತಳು. "ಹೌದೇನು?" ಎಂದು ಸೊಸೆಯನ್ನು ಕೇಳಿದಳು. ಲಲಿತಾ ತಲೆ ಎತ್ತಲಿಲ್ಲ. ಗಂಗವ್ವ ಎದ್ದು, ಬುತ್ತಿಯ ಬುಟ್ಟಿಯನ್ನು ತಾನೇ ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ನಡೆದುಬಿಟ್ಟಳು. ಲಲಿತಾ ಹಿಂದೆ ಓಡಿದಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಗುರುವಾರ ಸಂಜೆ ಫೋನು ಬಂತು. ಗೋಡೆಯ ಹತ್ತಿರ ಹೋಗಿ ಕೂಗಿದೆ. ಬಂದವಳು ಗಂಗವ್ವ. "ಇಲ್ಲ ಅನ್ನು" ಎಂದು ತಿರುಗಿದಳು. "ಮನ್ಯಾಗ ಇಲ್ಲಪಾ" ಎಂದೆ. ಭಾನುವಾರವೂ ಅದೇ. ಗೋಡೆಯ ಆಚೆ ಲಲಿತಾ ಬಳೆ ಸಪ್ಪಳವಾಗದಂತೆ ಭಾಂಡೆ ತಿಕ್ಕುತ್ತಿದ್ದಳು. ಇದ್ದಾಳೆ ಎಂದು ನನಗೆ ಗೊತ್ತಿತ್ತು, ಇಲ್ಲ ಎಂದು ನನ್ನ ಬಾಯಿ ಹೇಳುತ್ತಿತ್ತು, ಬಸವಣ್ಣನ ಮುಂದೆ ನಿಂತು. ಆಕೆಯ ಸಂಜೆಗಳು ನನ್ನ ಸಂಜೆಗಳ ಹಾಗಾಗಿದ್ದವು. ನಾನು ಬಯಸಿದ್ದು ಅದನ್ನೇ ತಾನೇ? ಆದರೂ ಬತ್ತಿಗೆ ಎಣಿಸಲು ಒಂದೂ ಸಿಗಲಿಲ್ಲ.

ಮೂರನೆಯ ಸಲ ಅವನ ದನಿ ಬೇರೆಯಾಗಿತ್ತು. "ಅಕ್ಕಾರ, ಆಕಿಗೆ ನನ್ನ ಮ್ಯಾಲೆ ಸಿಟ್ಟು ಬಂದೈತೇನ್ರಿ? ಹೆಸರು ಹೇಳಂತ ಭಾಳ ಕಾಡಿದೆ. ಅದಕೇನ್ರಿ?"

ಫೋನು ಟುಂಯ್ ಎಂದಿತು. ಮತ್ತೊಂದು ನಾಣ್ಯ ಬಿದ್ದ ಸಪ್ಪಳ.

"ಇಲ್ಲಪಾ ಮಂಜುನಾಥ" ಎಂದೆ. "ಆಕೀದು ಏನೂ ತಪ್ಪಿಲ್ಲ. ನಿಮ್ಮ ಮಾತು ಹೊಲದಾಗ ಎಲ್ಲಾರ ಮುಂದ ಆಡಿದಾಕಿ ನಾನು. ಖೋಲಿ ಸುದ್ದೀನೂ. ನಿಮ್ಮವ್ವ ಆಕೀನ ಫೋನಿಗೆ ಬಿಡವಲ್ಲಳು. ದೀಪಾವಳಿ ತನಕ ಕಾಯಬ್ಯಾಡ, ನಾಳಿ ಬಸ್ಸಿಗೇ ಬಾ."

"ಹ್ಞೂಂ" ಎಂದ. "ಕೇಳಿಸ್ತಿರ್ತೈತಿ ಅಂತ ಗೊತ್ತಿತ್ರಿ ಅಕ್ಕಾರ. ಕೇಳಿಸ್ಕೋತೀರಿ ಅಂತ ಗೊತ್ತಿರಲಿಲ್ಲ."

ಎರಡು ದಿನಕ್ಕೆ ಬಂದ. ಗೋಡೆಯ ಆಚೆ ತಾಯಿ-ಮಗನ ಮಾತು ನಡೆದಾಗ ನಾನು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದೆ, ಅವರ ಮಾತು ಕೇಳದಿರಲಿ ಎಂದು. ಆದರೂ ಗಂಗವ್ವನ ಒಂದು ಮಾತು ದಾಟಿ ಬಂತು: "ಕರ್ಕೊಂಡು ಹೋಗು, ಬ್ಯಾಡ ಅನ್ನಾಂಗಿಲ್ಲ. ಹೊಲದಾಗ ಹನ್ನೆರಡು ಮಂದಿಗೆ ಗೊತ್ತಾದ ಮ್ಯಾಲೆ ನನಗ ಗೊತ್ತಾತಲ್ಲೋ!"

ಅವನೆಂದ: "ಎದುರು ಕುಂತು ಹೇಳಬೇಕಂತ ಫೋನಿನಾಗ ಹೇಳಲಿಲ್ಲ ಅವ್ವಾ. ಆ ಫೋನಿಗೆ ಎಷ್ಟು ಕಿವಿ ಅದಾವ ಅಂತ ಈಗ ನೋಡಿದಿ ಇಲ್ಲ?"

ರೊಟ್ಟಿ ಹಂಚಿನ ಮೇಲೆ ಕರಕಲಾಯಿತು.

ದೀಪಾವಳಿ ಪಾಡ್ಯದ ಮರುದಿನ ಲಲಿತಾ ಹೊರಟಳು. ಹೋಗುವ ಮೊದಲು, ಹಸಿರು ಸೀರೆ ಉಟ್ಟು, ಕಾಲು ತೊಳೆದು, ನನ್ನ ಜಗಲಿಗೆ ಕೈ ಮುಗಿಯಲು ಬಂದಳು. ನಾನು ಕುಂಕುಮ ಹಚ್ಚಿ, "ತಪ್ಪಾತವ್ವಾ" ಎಂದೆ. ಆಕೆ ಇಲ್ಲ ಎನ್ನಲಿಲ್ಲ. ಇರಲಿ ಎಂದೂ ಅನ್ನಲಿಲ್ಲ. ಹೊಸ್ತಿಲಲ್ಲಿ ನಿಂತು, "ನೀವೂ ಒಮ್ಮೆ ಅಂದು ನೋಡ್ರಿ ಅಕ್ಕಾರ. ದೇವರು ಏನೂ ಅನ್ನಂಗಿಲ್ಲ" ಎಂದು ಹೇಳಿ ಹೋದಳು.

ಮುಂದಿನ ವರ್ಷ ಊರಿಗೇ ರೇಂಜ್ ಬಂತು, ಫೋನು ಜಗಲಿ ಇಳಿದು ಜೇಬು ಸೇರಿತು. ಈಗ ಕುಷ್ಟಗಿ ಬಸ್ಸಿನಲ್ಲಿ ಕೂತರೆ ಸಾಕು, ಹಿಂದಿನ ಸೀಟಿನವಳ ಅತ್ತೆಯ ಜಗಳ, ಮುಂದಿನವನ ಬೀಗರ ಮಾತು, ಎಲ್ಲ ಸ್ಪೀಕರಿನಲ್ಲಿ ಬರುತ್ತದೆ. ಯಾರೂ ಗೋಡೆಗೆ ಕಿವಿ ಹಚ್ಚಬೇಕಿಲ್ಲ. ಲಲಿತಾ ಮಂಗಳೂರಿನಿಂದ ಹಬ್ಬಹಬ್ಬಕ್ಕೆ ಸ್ಟೇಟಸ್ ಹಾಕುತ್ತಾಳೆ: ಸಮುದ್ರದ ಮುಂದೆ ಇಬ್ಬರೂ, ಅವನ ತಲೆ ಅರ್ಧ ಬೆಳ್ಳಗಾಗಿದೆ, ಕೈ ಆಕೆಯ ಹೆಗಲ ಮೇಲಿದೆ. ಅಂದು ನಾನು ಕದ್ದು ಹಂಚಿದ್ದನ್ನು ಇಂದು ಆಕೆಯೇ ಎಲ್ಲರಿಗೂ ತೋರಿಸುತ್ತಾಳೆ. ಎರಡೂ ಒಂದೇ ಎಂದು ಮನಸ್ಸಿಗೆ ಸಮಾಧಾನ ಹೇಳಲು ನೋಡಿದ್ದೇನೆ. ಒಂದೇ ಅಲ್ಲ, ಆಕೆಯ ಬುತ್ತಿ ಆಕೆ ಬಿಚ್ಚಬೇಕು. ನಾನು ಆ ಚಿತ್ರವನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ಯಾರು ಯಾರು ನೋಡಿದರೆಂದು ಹಾಕಿದವರಿಗೆ ತಿಳಿಯುತ್ತದೆ ಎಂದು ಶಿಲ್ಪಾ ಹೇಳಿದ ದಿನ ಫೋನನ್ನು ಬೋರಲು ಹಾಕಿಟ್ಟೆ. ನನ್ನ ಹೊಟ್ಟೆಕಿಚ್ಚಿಗೂ ಈಗ ಮರೆಯಿಲ್ಲ.

ಇಷ್ಟೆಲ್ಲ ಖಾಲಿ ಜಗಲಿಯ ಮುಂದೆ ಕೂತು ನೆನೆಯುತ್ತಿದ್ದಾಗ ಬಿಸಿಲು ಹೋಗಿ ಮಳೆ ಬಂತು. ಬೆಳಕಿಂಡಿಯ ಗಾಜು ಒಡೆದಿದ್ದದ್ದು ಆಗ ಗೊತ್ತಾಯಿತು; ನೀರು ಜಗಲಿಗೆ ಬಿದ್ದು, ಅದಕ್ಕೆ ಒತ್ತಿ ಇಟ್ಟಿದ್ದ ಗೊಬ್ಬರದ ಚೀಲಗಳ ಮೇಲೆ ಸುರಿಯತೊಡಗಿತು. ಚೀಲ ಸರಿಸಲು ನನ್ನಿಂದಾಗದು. ಇವರನ್ನು ಕರೆಯಬೇಕು. ಚಾಳೀಸು ಕೊಪ್ಪಳದಲ್ಲಿಯೇ ಉಳಿದಿತ್ತು, ಅಕ್ಷರ ಕಾಣದು. ಬಟನ್ ಒತ್ತಿ ಬಾಯಿಂದ ಹೇಳಿದರೆ ಫೋನು ತಾನೇ ಹಚ್ಚುತ್ತದೆ ಎಂದು ಶಿಲ್ಪಾ ಕಲಿಸಿದ್ದಳು. ಒತ್ತಿದೆ.

"ನಮ್ಮ ಮನೆಯವರು" ಎಂದೆ. ಅಂಥವರು ಯಾರೂ ಇಲ್ಲ ಎಂದಿತು ಫೋನು.

"ಶಿಲ್ಪಾನ ಅಪ್ಪ" ಎಂದೆ. ಶಿಲ್ಪಾಳಿಗೇ ಹಚ್ಚಿತು. "ಇದು ನಿಮ್ಮಪ್ಪಗ ಹಚ್ಚವಲ್ದು" ಎಂದೆ. "ಯವ್ವಾ, ಆಫೀಸಿನಾಗ ಅದೀನಿ. ಅಪ್ಪನ ಹೆಸರು ಹೇಳು, ಹೆಸರು!" ಎಂದು ಇಟ್ಟುಬಿಟ್ಟಳು.

ನೀರು ಎರಡನೆಯ ಚೀಲಕ್ಕೆ ಇಳಿಯಿತು. ಬೆಳಕಿಂಡಿಯ ಕೆಳಗೆ ನಿಂತು, ಮುಖ ಎತ್ತಿ, ಹೇಳಿದೆ. ಮೊದಲ ಸಲ ಮಳೆಯ ಸಪ್ಪಳಕ್ಕೆ ಅದಕ್ಕೆ ಕೇಳಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ, ಒದರಿಯೇ ಹೇಳಿದೆ. ಯಾವ ಹೆಸರು ಎಂದು ಇಲ್ಲಿ ಬರೆಯುವುದಿಲ್ಲ. ಫೋನಿಗೆ ಗೊತ್ತು, ಅಷ್ಟು ಸಾಕು.

"ಏನು?" ಎಂದರು ಇವರು ಆ ಕಡೆಯಿಂದ, ಎಂದಿನ ಹಾಗೆ.

ನಾನು ಉತ್ತರ ಕೊಡುವ ಮೊದಲೇ ಗೋಡೆಯ ಆಚೆಯಿಂದ, ಎಂಬತ್ತು ದಾಟಿದರೂ ಕಿವಿ ಕೆಡದ ಗಂಗವ್ವನ ದನಿ ಬಂತು: "ಯಾರಬೇ ಆಕಿ, ಗಂಡನ ಹೆಸರು ಹಿಡದು ಒದರಾಕಿ? ಶಾಂತವ್ವ ಏನು?"

"ಹೌದು ಬೇ, ನಾನ!" ಎಂದು ಕೂಗಿದೆ.

"ಒಡಪು ಎಲ್ಲಿ ಹೋತು ನಿಂದು?" ಎಂದು ಗಂಗವ್ವ ಬೊಚ್ಚುಬಾಯಿಯಲ್ಲಿ ನಕ್ಕಳು.

ಫೋನು ಕಿವಿಯಲ್ಲೇ ಇತ್ತು. ಇವರು ಇಟ್ಟಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದರು.

"ಚೀಲ ತೋಯಾಕತ್ಯಾವ, ಲಗೂನ ಬರ್ರಿ" ಎಂದೆ.

"ಬಂದೆ" ಎಂದರು. ಆದರೂ ಇಡಲಿಲ್ಲ. ಛತ್ರಿ ಬಿಚ್ಚಿದ ಸಪ್ಪಳ, ಕೆಸರಲ್ಲಿ ಚಪ್ಪಲಿಯ ಸಪ್ಪಳ. ಆಮೇಲೆ, ಪಕ್ಕದಲ್ಲಿ ಯಾರೂ ಇರದ ಕಡೆ ಬಂದವರ ಹಾಗೆ, ದನಿ ತಗ್ಗಿಸಿ, "ಇನ್ನೊಮ್ಮೆ ಅನ್ನು" ಎಂದರು.

ಒಂದು, ಎಂದು ಎಣಿಸಿಕೊಂಡೆ. ಮಂಜುನಾಥ ಮೂರು ಸಂಜೆ ಕೇಳಿದ್ದ. ಇವರು ಇನ್ನೆರಡು ಸಲ ಕೇಳಲಿ ಎಂದು ಬಾಯಿ ಮುಚ್ಚಿ ನಿಂತೆ.